ಎರವಲಿನ ಆಯುಷ್ಯ

ಪುಸ್ತಕ ಎರವಲು ಕೊಡುವವರಲ್ಲಿ ಎರಡು ಬಗೆ. ಪುಸ್ತಕವನ್ನೇ ಕೈಗಿಡುವವರು ಒಂದು; "ನಮ್ಮ ಕಪಾಟಿನ ಎರಡನೆಯ ಸಾಲಿನಲ್ಲಿದೆ, ಹೋಗಿ ತೆಗೆದುಕೊಳ್ಳಿ" ಎಂದು ಗುರುತು ಹೇಳುವವರು ಇನ್ನೊಂದು. ಎರಡನೆಯವರ ಔದಾರ್ಯ ಕಪಾಟು ಇರುವತನಕ ಮಾತ್ರ.

ಇಷ್ಟು ಸಣ್ಣ ಸಂಗತಿಯನ್ನು ಕಂಪ್ಯೂಟರಿನ ಭಾಷೆಯೊಂದು ಕಟ್ಟಳೆಯಾಗಿ ಇಟ್ಟುಕೊಂಡಿದೆಯೆಂದು ನನಗೆ ಹೇಳಿದವನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಅಣ್ಣನ ಮಗ. ಭಾಷೆಯ ಹೆಸರು ರಸ್ಟ್. ಅದರ ಮೊದಲ ಸ್ಥಿರ ಆವೃತ್ತಿ ಹೊರಬಂದದ್ದು 2015ರಲ್ಲಿ. ಕನ್ನಡ ಕಲಿಸುವವನಿಗೆ ಅಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಭಾಷೆ ಎಂದಮೇಲೆ ವ್ಯಾಕರಣ ಉಂಟು. ವ್ಯಾಕರಣ ಎಂದಮೇಲೆ ನನಗೆ ಸುಮ್ಮನಿರಲಾಗದು.

"ಕಾಕಾ, ಫಂಕ್ಷನ್ನಿನೊಳಗ ಹುಟ್ಟಿದ ಸ್ಟ್ರಿಂಗ್, ಫಂಕ್ಷನ್ ಮುಗದ ಕೂಡಲೇ ಹೋಗಿಬಿಡತದ. ಬರೇ ಅದರ ವಿಳಾಸ ಹೊರಗ ಕೊಟ್ರ ಏನ್ ಬಂತು?" ಎಂದ.

ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲು. ಅದರ ವಿಳಾಸಕ್ಕೆ ರೆಫರೆನ್ಸ್ ಎಂದು ಹೆಸರು. ಇಂಥ ಹಾಳುಮನೆಯ ವಿಳಾಸ ಕೊಟ್ಟರೆ ಹಳೆಯ ಸಿ ಭಾಷೆಯಲ್ಲಿ ಒಂದು ಎಚ್ಚರಿಕೆಯ ಮಾತು ಬಂದೀತು, ಕೆಲಸ ಮುಂದೆ ಸಾಗೀತು. ರಸ್ಟಿನ ಕಂಪೈಲರ್ ಮಾತ್ರ ಪ್ರೋಗ್ರಾಮನ್ನೇ ಒಪ್ಪುವುದಿಲ್ಲ. ಅದು ಒಪ್ಪುವ ದಾರಿಗಳು ಮೂರು. ಸ್ಟ್ರಿಂಗನ್ನೇ ಒಡೆತನಸಹಿತ ಕೊಟ್ಟುಬಿಡುವುದು ಮೊದಲನೆಯದು. ಕರೆದವನು ತಂದ ಸ್ಟ್ರಿಂಗಿನಲ್ಲೇ ಬೇಕಾದ ತುಣುಕನ್ನು ತೋರಿಸುವುದು ಎರಡನೆಯದು. ಒಡೆಯ ಹೊರಗೆ ಇದ್ದಾನಲ್ಲ! ತಂದ ಸ್ಟ್ರಿಂಗು ಎರಡಾಗಿದ್ದರೆ, ಎರವಲು ಯಾವುದರ ಆಯುಷ್ಯಕ್ಕೆ ಕಟ್ಟುಬಿದ್ದಿದೆಯೆಂದು ಬರೆದು ತಿಳಿಸಬೇಕು. ಮೂರನೆಯದು, ಪ್ರೋಗ್ರಾಮಿನಲ್ಲಿಯೇ ಅಚ್ಚೊತ್ತಿಟ್ಟ ಮಾತು. ಅದಕ್ಕೆ ಪ್ರೋಗ್ರಾಮಿನಷ್ಟೇ ಆಯುಷ್ಯ, ನಮ್ಮ ಗಾದೆಗಳಿಗೆ ಕನ್ನಡದಷ್ಟು ಇರುವಂತೆ.

ಕೇಳುತ್ತ ಕೇಳುತ್ತ ನನ್ನ ಮನಸ್ಸು ಖಾನಾಪುರಕ್ಕೆ ಹೋಯಿತು. ಅಲ್ಲಿ ನಮ್ಮ ಅವ್ವ ಇದ್ದಾಳೆ; ವಯಸ್ಸು ಎಂಬತ್ತರ ಹತ್ತಿರ. ಬೀಸುಕಲ್ಲು ಮೂಲೆ ಸೇರಿ ಎಷ್ಟೋ ವರ್ಷವಾಯಿತು, ಬೀಸುವ ಹಾಡು ಮಾತ್ರ ಅವಳ ಬಾಯಲ್ಲಿ ಉಳಿದಿದೆ. ಆ ಹಾಡುಗಳ ಮಾತು ಬಂದಾಗ ಇಂಥ ಮನೆಗಳಲ್ಲೆಲ್ಲ ಉತ್ತರ ಒಂದೇ: "ಅವ್ವಗ ಗೊತ್ತದ." ಇದು ಹಾಡಲ್ಲ, ಹಾಡಿನ ವಿಳಾಸ. ವಿಳಾಸವೊಂದೇ ಕೈಯಲ್ಲಿ ಉಳಿದೀತೆಂದು ನಮ್ಮನ್ನು ತಡೆದು ನಿಲ್ಲಿಸುವ ಕಂಪೈಲರ್ ಮನುಷ್ಯರ ಲೋಕದಲ್ಲಿಲ್ಲ.

ಈಗ ರವಿವಾರಕ್ಕೊಮ್ಮೆ ವಹಿ ಹಿಡಿದು ಖಾನಾಪುರಕ್ಕೆ ಹೋಗುತ್ತೇನೆ. ಅವಳು ಹಾಡುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ರಾಗ ವಹಿಯೊಳಗೆ ಇಳಿಯದು, ಮಾತು ಇಳಿಯುತ್ತದೆ. ಪ್ರತಿ ಮಾಡುವುದಕ್ಕೆ ರಸ್ಟಿನಲ್ಲಿಯೂ ಖರ್ಚು ಉಂಟಂತೆ. ಇರಲಿ, ಈ ಖರ್ಚು ನನಗೆ ಭಾರವಲ್ಲ. ಇಲ್ಲಿಯವರೆಗೆ 41 ತ್ರಿಪದಿಗಳಾದವು. ವಹಿ ಮುಚ್ಚಹೋದರೆ ಅವ್ವ ಬಿಡುವುದಿಲ್ಲ:

"ಇನ್ನೂ ಭಾಳ ಅದಾವಪ್ಪ, ಬರಿ."