ಇಸ್ತಾಂಬುಲಿನಲ್ಲೂ ರುಚಿ 'ನೋಡು'ತ್ತಾರೆ!

ಇಂಗ್ಲಿಷ್ ಬಾರದೆ ಪರದೇಶ ಸುತ್ತೋದು ಹೇಗಪ್ಪಾ ಎಂದು ಅಳುಕುವ ಸೋದರಿಯರೇ, ತುರ್ಕಿಯ ಇಸ್ತಾಂಬುಲಿನ ಮಸಾಲೆ ಪೇಟೆಗೆ ಬನ್ನಿ. 17ನೇ ಶತಮಾನದ ಕಮಾನುಗಳ ಕೆಳಗೆ ಅಂಗಡಿಯಾತ ಲೋಕುಮ್ ಎಂಬ ಮೆತ್ತನೆಯ ಮಿಠಾಯಿ ಚಾಚಿ "ತಾದಿನಾ ಬಾಕಿನ್" ಅಂತಾನೆ. ಅಕ್ಷರಶಃ ನಮ್ಮ "ರುಚಿ ನೋಡಿ"! ಇಂಗ್ಲಿಷಿನ 'ಲುಕ್' ನಾಲಿಗೆಯ ಕೆಲಸಕ್ಕೆ ಒದಗದು. ತುರ್ಕಿಯವರ 'ಬಾಕ್ಮಾಕ್' ಮಾತ್ರ ನಮ್ಮ 'ನೋಡು'ವಿನ ಒಡಹುಟ್ಟಿದ ಹಾಗಿದೆ. ಮಗು ನೋಡಿಕೊಳ್ಳೋದಕ್ಕೂ ಅದೇ ಮಾತು. ಕಾಫಿ ಕುಡಿದು, ಕಪ್ಪನ್ನು ಸಾಸರಿನ ಮೇಲೆ ಕವುಚಿ, ಚರಟದ ಗುರುತಿನಲ್ಲಿ ಭವಿಷ್ಯ ನೋಡೋದಕ್ಕೂ ಅದೇ. (ನಮ್ಮಲ್ಲಿ ಶಾಸ್ತ್ರ ನೋಡೋಲ್ಲವೇ, ಹಾಗೆ!) ಸುಮ್ಮನೆ ಕಣ್ಣಿಗೆ ಬೀಳುವುದಕ್ಕೆ ಬೇರೆ ಮಾತಿದೆ, 'ಗೊರ್ಮೆಕ್', ಅಂದರೆ 'ಕಾಣು'. ಲೋಕುಮಿನಲ್ಲಿ ಪಿಸ್ತಾ ಹಾಕಿದ್ದನ್ನೇ ಕೇಳಿ. ಗುಲಾಬಿಯದು ನನಗಂತೂ ತೀರಾ ಸಿಹಿ.