ಬತ್ತಿದ ಕಾಲುವೆಗಳ ಸಾಕ್ಷ್ಯ

ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಪ್ರಾಂತ್ಯದಲ್ಲಿರುವ ಡಾರ್ಟ್‌ಮೂರ್, ಗ್ರಾನೈಟ್ ಶಿಲೆಯ ಮೇಲೆ ಹರಡಿದ ಎತ್ತರದ ಬಂಜರು ನೆಲ. ಅಲ್ಲಿ ಮರಗಳು ವಿರಳ, ಮಳೆ ಧಾರಾಳ. ಜೌಗಿನಲ್ಲಿ ಹುಟ್ಟುವ ಹೊಳೆಗಳು ಹಲವು. ಗುಡ್ಡಗಳ ಮೈಯನ್ನು ಅಡ್ಡಲಾಗಿ ಬಳಸಿ ಹೋಗುವ, ಹುಲ್ಲು ಮುಚ್ಚಿದ ಸಣ್ಣ ತಗ್ಗುಗಳು ಅಲ್ಲಿ ಎಲ್ಲೆಡೆ ಕಾಣುತ್ತವೆ. ಸ್ಥಳೀಯರು ಇವನ್ನು ‘ಲೀಟ್’ ಎನ್ನುತ್ತಾರೆ. ತವರ ಮತ್ತು ತಾಮ್ರದ ಗಣಿಗಳಿಗೆ ಶತಮಾನಗಳ ಕಾಲ ನೀರೊಯ್ದ ಕಾಲುವೆಗಳಿವು. ಗಣಿಗಳು ಮುಚ್ಚಿದ ಮೇಲೆ ಬಹುಪಾಲು ಬತ್ತಿಹೋದವು.

ಈ ಪ್ರದೇಶದಲ್ಲಿ ಕಲ್ಲಿದ್ದಲು ದೊರೆಯುವುದಿಲ್ಲ. ದೂರದಿಂದ ತರಿಸಿ ಉಗಿಯಂತ್ರ ನಡೆಸುವುದು ದುಬಾರಿಯ ಕೆಲಸ. ಆದ್ದರಿಂದ ಗಣಿಯ ನೀರನ್ನು ಮೇಲೆತ್ತುವುದಕ್ಕೂ, ಅದಿರನ್ನು ಒನಕೆಯಂತಹ ಕುಟ್ಟಣಿಗಳಿಂದ ಪುಡಿಮಾಡುವುದಕ್ಕೂ, ಕುಲುಮೆಯ ತಿದಿ ಊದುವುದಕ್ಕೂ ಜಲಚಕ್ರವೇ ಆಧಾರವಾಗಿತ್ತು. ಚಕ್ರದ ಮೇಲ್ಭಾಗಕ್ಕೆ ನೀರು ಬೀಳಬೇಕಾದರೆ ಹೊಳೆಯನ್ನು ಬಹಳ ಮೇಲೆಯೇ ಕಟ್ಟಿ ತಿರುಗಿಸಬೇಕು. ಆಮೇಲೆ ಅತ್ಯಲ್ಪ ಇಳಿಜಾರಿನಲ್ಲಿ ಗುಡ್ಡದಿಂದ ಗುಡ್ಡಕ್ಕೆ ಅದನ್ನು ನಡೆಸಬೇಕು. ಇಳಿಜಾರು ಹೆಚ್ಚಾದರೆ ಎತ್ತರ ವ್ಯರ್ಥ, ಕಡಿಮೆಯಾದರೆ ಹೂಳು. ಈ ನಡುವಣ ಲೆಕ್ಕವನ್ನು ನೆಲದ ಮೇಲೆ ಬರೆದವರ ಹೆಸರುಗಳು ಬಹುತೇಕ ಉಳಿದಿಲ್ಲ.

ಐಲ್ಸ್‌ಬರೋ ಎಂಬ ತವರದ ಗಣಿ ಇದಕ್ಕೆ ಉತ್ತಮ ನಿದರ್ಶನ. 1814ರಿಂದ 1852ರವರೆಗೆ ವಿವಿಧ ಹೆಸರುಗಳಲ್ಲಿ ನಡೆದ ಈ ಗಣಿಯ ಬಾವಿಗಳಿದ್ದುದು ದಿಬ್ಬದ ಮೇಲೆ. ಚಕ್ರ ತಿರುಗಿಸುವಷ್ಟು ನೀರು ಸಿಗುತ್ತಿದ್ದುದು ತಗ್ಗಿನಲ್ಲಿ. ನೀರು ಮೇಲಕ್ಕೆ ಹರಿಯದು. ಆದ್ದರಿಂದ ಚಕ್ರವನ್ನು ತಗ್ಗಿನಲ್ಲಿಯೇ ಹೂಡಿ, ಅದರ ಚಲನೆಯನ್ನು ಹಿಂದೆ ಮುಂದೆ ಎಳೆಯುವ ಸರಳುಗಳ ಮೂಲಕ ದಿಬ್ಬದ ಬಾವಿಗೆ ಮುಟ್ಟಿಸಿದರು. ಆ ಸರಳುಗಳಿಗೆ ಆಸರೆಯಾಗಿದ್ದ, ತಲೆಯಲ್ಲಿ ಗಾಡಿ ಕೊರೆದ ಗ್ರಾನೈಟ್ ಗೂಟಗಳ ಜೋಡಿಸಾಲು ಇಂದೂ ಬಯಲಿನಲ್ಲಿ ನಿಂತಿದೆ. ಮರ, ಕಬ್ಬಿಣ ಎಲ್ಲವೂ ಹೋದವು. ಯಂತ್ರದ ಆಕಾರವನ್ನು ಈಗ ಕಲ್ಲುಗಳು ಹೇಳುತ್ತಿವೆ.

ಹಕ್ಕಿನ ಇತಿಹಾಸಕ್ಕೆ ಕಾಗದದ ದಾಖಲೆಗಳಿವೆ. 1201ರಲ್ಲಿ ದೊರೆ ಜಾನ್ ನೀಡಿದ ಶಾಸನಪತ್ರವು, ತವರ ತೋಡುವವರು ಎಂದಿನಂತೆ ತಮ್ಮ ಕೆಲಸಕ್ಕಾಗಿ ಹೊಳೆಗಳನ್ನು ತಿರುಗಿಸಿಕೊಳ್ಳಬಹುದೆಂದು ದೃಢಪಡಿಸಿತು. ಆದರೆ ತೊಳೆದ ಮಣ್ಣುಮರಳು ಕೆಳಗಿನ ನದಿಗಳಿಗೂ ಬಂದರುಗಳಿಗೂ ಹೋಗಿ ಸೇರುತ್ತಿತ್ತು. 1512ರಲ್ಲಿ ಪ್ಲಿಂಪ್ಟನ್ನಿನ ಸಂಸತ್ ಪ್ರತಿನಿಧಿ ರಿಚರ್ಡ್ ಸ್ಟ್ರೋಡ್ ಈ ಹಾನಿಯನ್ನು ತಡೆಯುವ ಮಸೂದೆಗಳಿಗೆ ಮುಂದಾದಾಗ, ತವರದವರ ನ್ಯಾಯಾಲಯಗಳು ಅವನಿಗೆ ದಂಡ ವಿಧಿಸಿ ಲಿಡ್‌ಫರ್ಡ್ ಸೆರೆಮನೆಗೆ ತಳ್ಳಿದವು. ಅವನೂ ತವರದ ವೃತ್ತಿಯವನೇ ಆಗಿದ್ದನು. ಸಂಸತ್ತು ಆ ತೀರ್ಪುಗಳನ್ನು ರದ್ದುಗೊಳಿಸಿತು. ಶಾಸಕರ ವಾಕ್‌ಸ್ವಾತಂತ್ರ್ಯದ ಚರಿತ್ರೆಯಲ್ಲಿ ಆ ಪ್ರಕರಣ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಮೇಲಿನವನ ಹಕ್ಕು ಕೆಳಗಿನವನ ಹೂಳಾಗುವ ಕಥೆ ಹೀಗೆ ದಾಖಲಾಯಿತು. ಆದರೆ ಗುದ್ದಲಿ ಹಿಡಿದವರು ದಾಖಲೆಯ ಹೊರಗೇ ಉಳಿದರು.

ಅವರ ವಿಷಯದಲ್ಲಿ ನೆಲವೇ ಮಾತನಾಡಬೇಕು. ಪುರಾತತ್ತ್ವಜ್ಞರು ಇಲ್ಲಿ ಅನುಸರಿಸುವ ಕ್ರಮ ಗ್ರಂಥಸಂಪಾದಕರಿಗೆ ಅಪರಿಚಿತವಲ್ಲ. ಒಂದು ಕಾಲುವೆ ಹಳೆಯ ಮಣ್ಣುರಾಶಿಯನ್ನು ಸೀಳಿ ಹೋಗಿದ್ದರೆ ರಾಶಿ ಮೊದಲಿನದು. ಗುಂಡಿಯೊಂದು ಕಾಲುವೆಯನ್ನೇ ಕತ್ತರಿಸಿದ್ದರೆ ಆ ಹೊತ್ತಿಗೆ ಕಾಲುವೆ ಬತ್ತಿತ್ತು. ಕಾಲುವೆಯೊಂದು ನಡುವೆ ದಿಕ್ಕು ಬದಲಿಸಿ ಇನ್ನೊಂದು ಚಕ್ರದ ಕಡೆ ಹೋಗಿದ್ದರೆ ಅದು ತಿದ್ದುಪಡಿ. ಒರಳಿನಂತೆ ಕುಳಿಬಿದ್ದ ಕಲ್ಲು ಸಿಕ್ಕರೆ ಅಲ್ಲಿ ಅದಿರು ಕುಟ್ಟಿದ್ದರು. ದಂಡೆಯಲ್ಲಿ ನೆಟ್ಟ, ದುಂಡನೆಯ ರಂಧ್ರವಿರುವ ಕಲ್ಲು ಮತ್ತೊಂದು ಸಂಗತಿಯನ್ನು ತಿಳಿಸುತ್ತದೆ: ಆ ರಂಧ್ರದಲ್ಲಿ ಹಿಡಿಸುವಷ್ಟು ನೀರು ಮಾತ್ರ ಪಕ್ಕದ ಹೊಲಮನೆಯ ಪಾಲು. ಫಿಲ್ ನ್ಯೂಮನ್ ಮೊದಲಾದ ಸಂಶೋಧಕರು ಇಂತಹ ಕುರುಹುಗಳನ್ನು ಅಳೆದು ನಕ್ಷೆಗಿಳಿಸಿದ ಮೇಲೆ, ಬರಿಯ ಹಳ್ಳವೆಂದು ಕಂಡದ್ದು ಓದಬಹುದಾದ ಪಠ್ಯವಾಯಿತು.

ಈ ಚರಿತ್ರೆಯ ಒಂದು ಎಳೆ ಕರ್ನಾಟಕವನ್ನೂ ಮುಟ್ಟುತ್ತದೆ. ಡಾರ್ಟ್‌ಮೂರಿನ ಪಶ್ಚಿಮದ ಅಂಚಿನಲ್ಲಿ, ಮೇರಿ ಟೇವಿ ಗ್ರಾಮದ ವೀಲ್ ಫ್ರೆಂಡ್‌ಶಿಪ್ ಎಂಬ ತಾಮ್ರದ ಗಣಿಯ ಹೊಣೆಯನ್ನು 1798ರಲ್ಲಿ ಇನ್ನೂ ಇಪ್ಪತ್ತು ತುಂಬದ ಜಾನ್ ಟೇಲರ್ ವಹಿಸಿಕೊಂಡನು. ಟೇವಿ ನದಿಯ ನೀರನ್ನು ಚಕ್ರದಿಂದ ಚಕ್ರಕ್ಕೆ ಮತ್ತೆ ಮತ್ತೆ ದುಡಿಸಿದ ಗಣಿ ಅದು. ಅವನ ಮನೆತನದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೇ 1880ರ ಸುಮಾರಿಗೆ ಕೋಲಾರದ ಚಿನ್ನದ ಗಣಿಗಳ ಆಡಳಿತಕ್ಕೆ ಬಂದಿತು. ಕೋಲಾರದ ಒಣನೆಲದಲ್ಲಿ ಕಾಲುವೆ ತೋಡಿ ತಿರುಗಿಸಲು ಹೊಳೆಯಿರಲಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯ ಶಕ್ತಿ ಸುಮಾರು 90 ಮೈಲಿಗಳ ತಂತಿಯಲ್ಲಿ ಆ ಗಣಿಗಳನ್ನು ತಲುಪಿತು. ನೀರು ತನ್ನ ಜಾಗದಲ್ಲೇ ಉಳಿಯಿತು, ಬಲ ಮಾತ್ರ ಪಯಣಿಸಿತು. ಐಲ್ಸ್‌ಬರೋದ ಸರಳುಗಳು ಅರ್ಧ ಶತಮಾನದ ಹಿಂದೆ ಚಿಕ್ಕ ಪ್ರಮಾಣದಲ್ಲಿ ಮಾಡಿದ್ದು ಇದನ್ನೇ.

ಮೇರಿ ಟೇವಿಯಲ್ಲಿ ಕೆಲವು ಹಳೆಯ ಗಣಿಕಾಲುವೆಗಳು ಇನ್ನೂ ಬತ್ತಿಲ್ಲ. 1930ರ ದಶಕದಿಂದ ಅವುಗಳ ನೀರು ಅಲ್ಲಿನ ಜಲವಿದ್ಯುತ್ ಕೇಂದ್ರವನ್ನು ನಡೆಸುತ್ತಿದೆ. ಗಣಿ ಮುಚ್ಚಿ ಬಹುಕಾಲವಾದರೂ, ಹೆಸರಿಲ್ಲದ ಆ ತೋಡುಗರು ಹಿಡಿದ ಇಳಿಜಾರಿನ ಲೆಕ್ಕ ಈಗಲೂ ಸರಿಯಾಗಿದೆ.