ಕಿಸೀ ಬೆಟ್ಟದ ರೈತನ ಮೊಬೈಲು

ವಿಕ್ಟೋರಿಯಾ ಸರೋವರದ ಪೂರ್ವಕ್ಕೆ, ಕೀನ್ಯಾ ದೇಶದಲ್ಲಿ, ಕಿಸೀ ಎಂಬ ಬೆಟ್ಟದ ಸೀಮೆಯುಂಟು. ಇಳಿಜಾರುಗಳಲ್ಲೆಲ್ಲ ಬಾಳೆ, ಚಹಾ, ಮೆಕ್ಕೆಜೋಳ. ಜನ ಬಹಳ, ನೆಲ ಕಡಿಮೆ. ತಂದೆಯ ಹೊಲವು ಮಕ್ಕಳಲ್ಲಿ ಹಂಚಿಹೋಗಿ ಒಬ್ಬೊಬ್ಬನಿಗೆ ತುಂಡು ಭೂಮಿಯಷ್ಟೇ ಉಳಿಯುತ್ತದೆ. ಆದುದರಿಂದ ಎಷ್ಟೋ ಮನೆಗಳ ಹುಡುಗರು ದೂರದ ನೈರೋಬಿಯಲ್ಲಿ ದುಡಿಯುತ್ತಾರೆ.

ಅವರು ಕಳುಹಿಸುವ ಹಣ ಹಿಂದೆ ಬಸ್ಸಿನ ಚಾಲಕನ ಕೈಯಲ್ಲೋ, ಊರಿಗೆ ಹೊರಟ ನೆಂಟನ ಜೇಬಿನಲ್ಲೋ ಬರಬೇಕಾಗಿತ್ತು, ಬಂದರೆ ಬಂದಿತು. 2007ರ ಮಾರ್ಚಿಯಲ್ಲಿ ‘ಎಂ-ಪೆಸಾ’ ಎಂಬ ಏರ್ಪಾಡು ಮೊದಲಾಯಿತು. ‘ಪೆಸಾ’ ಎಂದರೆ ಸ್ವಾಹಿಲಿಯಲ್ಲಿ ಹಣ. ನಮ್ಮ ‘ಪೈಸೆ’ಯೇ ಕಡಲು ದಾಟಿ ಹಾಗಾಯಿತೆನ್ನುವವರುಂಟು. ಗುಂಡಿಯೊತ್ತುವ ಸಾದಾ ಮೊಬೈಲು ಇದಕ್ಕೆ ಸಾಕು. ಮಗನು ಅಲ್ಲಿ ಗುಂಡಿಯೊತ್ತಿದ ಸ್ವಲ್ಪ ಹೊತ್ತಿನಲ್ಲೇ ತಾಯಿಗೆ ಇಲ್ಲಿ ಸಂದೇಶ. ಆಕೆ ಸಂತೆಬೀದಿಯ ಅಂಗಡಿಗೆ ಹೋಗಿ, ಗುರುತಿನ ಚೀಟಿ ತೋರಿಸಿ, ಗುಟ್ಟಿನ ಅಂಕಿಯೊತ್ತಿ, ನೋಟುಗಳನ್ನು ಎಣಿಸಿಕೊಳ್ಳುತ್ತಾಳೆ. ಬಿತ್ತನೆಯ ಹೊತ್ತಿಗೆ ಗೊಬ್ಬರದ ಹಣ ಒದಗಿತೆಂದರೆ ಸಾಮಾನ್ಯವೇ?

ಬಾಳೆಯ ಮಾತು ಬೇರೆ. ಪಟ್ಟಣದ ಧಾರಣೆಯೇನೋ ಫೋನಿನಲ್ಲಿ ತಿಳಿಯುತ್ತದೆ. ಆದರೆ ಮಳೆಗೆ ಕೆಸರಾದ ಮಣ್ಣುದಾರಿಯಲ್ಲಿ ಗೊನೆಗಳನ್ನು ಸಾಗಿಸುವವರಾರು? ಬೆಲೆಯನ್ನು ಬಲ್ಲವನೂ ಮನೆಬಾಗಿಲಿಗೆ ಬಂದ ದಲ್ಲಾಳಿಯ ದರಕ್ಕೇ ಒಪ್ಪಬೇಕಾಗುವುದುಂಟು. ದಲ್ಲಾಳಿಯ ಕೈಯಲ್ಲೂ ಮೊಬೈಲು ಇದೆಯಷ್ಟೆ!

2012ರಲ್ಲಿ ಅದೇ ಫೋನಿನಲ್ಲಿ ‘ಎಂ-ಶ್ವಾರಿ’ಯೆಂಬ ಸಾಲವೂ ಬಂದಿತು. ಅಡವಿಲ್ಲ, ಕಾಗದಪತ್ರವಿಲ್ಲ, ಆರಂಭದಲ್ಲಿ 30 ದಿನಗಳ ವಾಯಿದೆ, ನೂರಕ್ಕೆ 7.5ರಂತೆ ಶುಲ್ಕ. ಬೆಟ್ಟದ ಮೆಕ್ಕೆಜೋಳ ಕೊಯ್ಲಿಗೆ ಬರಲು ತಿಂಗಳುಗಳೇ ಬೇಕು. ವಾಯಿದೆಯ ದಿನ ಸಮೀಪಿಸಿದಾಗ ಸಾಲಗಾರನಾದ ತಂದೆಯು ಮತ್ತೆ ನೈರೋಬಿಯ ಮಗನಿಗೇ ಫೋನು ಮಾಡುತ್ತಾನೆ.